ವೇಲ್ಸಿನ ಖಾಲಿ ಬೆಂಚುಗಳು, ನಮ್ಮ ಬೀರಪ್ಪನ ಮಂದಿ

ಲಂಡನ್, ಸಾಮಾನು ಬರುವ ಪಟ್ಟಿಯ ಹತ್ತಿರ

ಭಂಡಾರದ ಪೊಟ್ಟಣವನ್ನು ಮೊದಲು ಪತ್ತೆ ಹಚ್ಚಿದ್ದು ನಾಯಿ. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನಾವು ಡೊಳ್ಳುಗಳಿಗಾಗಿ ಕಾಯುತ್ತ ನಿಂತಿದ್ದೆವು. ಪೊಲೀಸರ ಕಪ್ಪು ನಾಯಿಯೊಂದು ಬಂದು ಮೌಲಾಸಾಬನ ಕೈಚೀಲವನ್ನು ಮೂಸಿತು, ಮೂಸಿ ಸೀನಿತು, ಸೀನಿ ಅಲ್ಲೇ ಕುಳಿತುಬಿಟ್ಟಿತು.

ಚೀಲ ಬಿಚ್ಚಿಸಿದರು. ನನ್ನ ಅಕ್ಕ ಬೀಳಗಿಯಿಂದ ಕಟ್ಟಿ ಕಳಿಸಿದ್ದ ಶೇಂಗಾ ಚಟ್ನಿಯ ಡಬ್ಬಿ, ತಾಳಗಳು, ಅವುಗಳ ನಡುವೆ ಹಳದಿ ಪುಡಿಯ ದೊಡ್ಡ ಪೊಟ್ಟಣ. ಅಧಿಕಾರಿ ಕೈಗವಸು ಹಾಕಿಕೊಂಡು ಅದನ್ನು ಎತ್ತಿ ಹಿಡಿದರು. ನಾನು ಅರಿಸಿನ ಎಂದೆ, ಅಡುಗೆಗೂ ಬರುತ್ತದೆ ಎಂದೆ, ನಮ್ಮ ಬೀರಪ್ಪ ದೇವರ ಪ್ರಸಾದ ಎಂದೂ ಹೇಳಿದೆ. ಅವರು ಪಾಸ್‌ಪೋರ್ಟಿನ ಹೆಸರು ನೋಡಿದರು, ಮೌಲಾಸಾಬನ ಹಣೆಯ ಮೇಲಿನ ಹಳದಿ ನೋಡಿದರು, ಮತ್ತೆ ಹೆಸರು ನೋಡಿದರು. "ಇದು ನಿಮ್ಮ ದೇವರದೇ?" ಎಂದು ಅವನನ್ನೇ ಕೇಳಿದರು.

ನಾನು ಕನ್ನಡದಲ್ಲಿ ಹೇಳಿದೆ. ಮೌಲಾಸಾಬ ತಲೆ ಕೆರೆದುಕೊಂಡ.

"ನಮ್ಮ ದೇವರದಲ್ಲ ಅನ್ರೀ ಅಕ್ಕಾರ. ನಮ್ಮೂರ ದೇವರದು."

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನನಗೆ ಹೊಳೆಯಲಿಲ್ಲ. "ಹೌದು" ಎಂದುಬಿಟ್ಟೆ. ಪೊಟ್ಟಣ ನಮ್ಮ ಕೈಗೆ ಮರಳಿತು. ನಾಯಿ ಇನ್ನೊಮ್ಮೆ ಸೀನಿತು.

ನಮ್ಮ ಗುಂಪಿನ ಬಗ್ಗೆ ಇಷ್ಟು ಹೇಳಬೇಕು. ಹಿಪ್ಪರಗಿಗೆ ಸಮೀಪದ ನಮ್ಮ ಹಳ್ಳಿಯ ಡೊಳ್ಳಿನ ಮೇಳಕ್ಕೆ ವೇಲ್ಸ್ ದೇಶದ ಒಂದು ಜಾನಪದ ಹಬ್ಬದಿಂದ ಕರೆ ಬಂದಿತ್ತು. ಹಾಡುವ ಹಿರಿಯ ಸಿದ್ದಪ್ಪ ಮುತ್ಯಾ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತೇವೆ. ತಾಳ ಹಿಡಿಯುವವನು ಮೌಲಾಸಾಬ. ಉಳಿದವರು ಡೊಳ್ಳಿನವರು, ಮಾತಿಗಿಂತ ಊಟದಲ್ಲಿ ಹೆಚ್ಚು ನಂಬಿಕೆಯುಳ್ಳವರು. ನಾನು ಆ ಹಳ್ಳಿಯ ಮಗಳು. ಕೊಟ್ಟದ್ದು ಬನಹಟ್ಟಿಗೆ, ನೌಕರಿ ಮುಧೋಳದ ಹೈಸ್ಕೂಲಿನಲ್ಲಿ, ಕಲಿಸುವುದು ಇಂಗ್ಲಿಷ್. "ಅಕ್ಕಾರಿಗೆ ಇಂಗ್ಲಿಷೂ ಬರ್ತೈತಿ, ರೊಟ್ಟಿ ಬಡಿಯಾಕೂ ಬರ್ತೈತಿ" ಎಂದು ಊರ ಹಿರಿಯರು ನನ್ನನ್ನು ಜೊತೆಗೆ ಕಳಿಸಿದ್ದರು. ಈ ಎರಡರಲ್ಲಿ ಯಾವುದು ಹೆಚ್ಚು ಕೆಲಸಕ್ಕೆ ಬಂತು ಎಂಬುದು ಮುಂದೆ ತಿಳಿಯುತ್ತದೆ.

ಪಾಟಿಕಲ್ಲಿನ ಊರು

ನಾವು ಇಳಿದುಕೊಂಡ ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೂ ಓದಲಾರಿರಿ, ಅಲ್ಲಿದ್ದಷ್ಟು ದಿನವೂ ನನ್ನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಗುಡ್ಡದ ಸೆರಗಿನ ಸಣ್ಣ ಊರು. ಒಂದು ಕಾಲಕ್ಕೆ ಅಲ್ಲಿ ಪಾಟಿಕಲ್ಲು, ಅಂದರೆ ಮಕ್ಕಳು ಬರೆಯುವ ಸ್ಲೇಟಿನ ಕಲ್ಲು, ತೆಗೆಯುತ್ತಿದ್ದರಂತೆ. ಈಗ ಗಣಿ ಮುಚ್ಚಿದೆ, ಕಲ್ಲು ಮಾತ್ರ ಎಲ್ಲ ಮನೆಗಳ ಮೇಲೂ ಇದೆ. ಮಳೆಯಲ್ಲಿ ಆ ಮಾಳಿಗೆಗಳು ಈಗಷ್ಟೇ ಒರೆಸಿಟ್ಟಂತೆ ಹೊಳೆಯುತ್ತಿದ್ದವು.

"ಒಂದನೇತ್ತೆ ಹುಡುಗರ ಪಾಟಿ ಎಲ್ಲಾ ಕಸ್ಕೊಂಡು ಮಾಳಗಿ ಮ್ಯಾಲೆ ಹಾಸ್ಯಾರ ನೋಡ್ರಿ" ಎಂದ ಮೌಲಾಸಾಬ. "ಅದಕ್ಕ ಊರಾಗ ಒಂದು ಹುಡುಗನೂ ಕಾಣವಲ್ದು."

ಅದು ನಿಜವಾಗಿತ್ತು. ಮಕ್ಕಳು ಕಾಣುವುದು ಕಡಿಮೆಯೇ ಇತ್ತು.

ನಮಗೆ ಇರಲು ಕೊಟ್ಟಿದ್ದು ಕ್ರೈಸ್ತರ ಒಂದು ಪ್ರಾರ್ಥನಾ ಮಂದಿರದ ಹಿಂದಿನ ಖೋಲಿ. ಚಾಪೆಲ್ ಅನ್ನುತ್ತಾರೆ. ಮಂದಿರ ನಮ್ಮ ಜಮಖಂಡಿಯ ದೊಡ್ಡ ಅಡತಿ ಅಂಗಡಿಗಳಿಗಿಂತ ಎತ್ತರ. ಒಳಗೆ ಮೂರ್ತಿ ಇಲ್ಲ, ಚಿತ್ರ ಇಲ್ಲ, ದೀಪ ಇಲ್ಲ. ಮುಂದೆ ಉಪದೇಶಕ್ಕೆ ಒಂದು ಕಟ್ಟೆ, ಕೆಳಗೆ ಸಾಲು ಸಾಲು ಕಟ್ಟಿಗೆಯ ಬೆಂಚು, ಮೇಲೆ ಅಟ್ಟದಲ್ಲೂ ಬೆಂಚು. ಹಿಂದಿನ ಖೋಲಿ ಮಾತ್ರ ಸಣ್ಣದು. ಅಲ್ಲಿ ಚಹಾದ ದೊಡ್ಡ ಹಂಡೆ, ಹಳೆ ಹಾರ್ಮೋನಿಯಂ, ಮಡಚುವ ಕುರ್ಚಿಗಳು. ಡೊಳ್ಳುಗಳನ್ನು ಒಂದು ಗೋಡೆಗೆ ಸಾಲಾಗಿ ಇಟ್ಟು, ಕಂಬಳಿ ಹಾಸಿ, ನಮ್ಮವರು ಒಂದು ತಾಸಿನಲ್ಲಿ ಅದನ್ನು ನಮ್ಮೂರ ಗುಡಿಯ ಪಡಸಾಲೆ ಮಾಡಿಬಿಟ್ಟರು. ನನಗೆ ಮಾತ್ರ ಎದುರಿನ ಮನೆಯಲ್ಲಿ ಹಾಸಿಗೆ.

ಆ ಮನೆ ಗ್ವೆನ್ ಅವರದು. ಮಂದಿರದ ಕಾರ್ಯದರ್ಶಿ, ಕೀಲಿಕೈ ಅವರ ಏಪ್ರನ್ನಿನ ಕಿಸೆಯಲ್ಲಿರುತ್ತಿತ್ತು. ಎಪ್ಪತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ, ಮಾತಾಡುತ್ತಲೇ ಮೇಜು ಒರೆಸುವ ಹೆಣ್ಣುಮಗಳು. ಅವರ ಇಂಗ್ಲಿಷನ್ನು ನಾನು ಮುತ್ಯಾನಿಗೆ ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತಿದ್ದೆ. ಹೇಳಿ ಹೇಳಿ ಗ್ವೆನ್ ನನ್ನ ನೆನಪಿನಲ್ಲಿ ಹಾಗೆಯೇ ಮಾತಾಡುತ್ತಾರೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲ ದಿನ ಚಹಾ ಬಸಿಯುತ್ತ ಅವರು ಮುತ್ಯಾನಿಗೆ ಹೇಳಿದರು: "ನೀವು ಛಲೋ ವ್ಯಾಳ್ಯಾಕ್ಕ ಬಂದ್ರಿ. ಈ ಐತವಾರ ಬಿಟ್ಟು ಮುಂದಿನ ಐತವಾರ ನಮ್ಮ ಚಾಪೆಲ್‌ಗಳ ದೊಡ್ಡ ಆಫೀಸಿನಿಂದ ಒಬ್ರು ಬರಾಕತ್ತಾರ. ಇಲ್ಲಿ ಮಂದಿ ಖರೇನ ಕಡಿಮಿ ಆಗ್ಯಾರೋ ಇಲ್ಲೋ ಅಂತ ನೋಡಾಕ. ಆಗ್ಯಾರ ಅಂತಾದ್ರ ಕೀಲಿ ಹಾಕಿ ಬಾಜು ಊರಿನ ಚಾಪೆಲ್ಲಿಗೆ ನಮ್ಮನ್ನ ಕೂಡಿಸ್ತಾರ."

"ನೀವು ಏನಂತೀರಿ?" ಎಂದು ಮುತ್ಯಾ ನನ್ನಿಂದ ಕೇಳಿಸಿದ.

"ನಾ ಏನೂ ಅನ್ನೂದಿಲ್ಲ. ಎಲ್ಲಾರೂ ನನಗ 'ಏನೂ ಆಗಿಲ್ಲ ಗ್ವೆನ್, ಆರಾಮ ಅದೇವಿ' ಅಂತಾರ" ಎಂದು ಅವರು ಮೇಜು ಒರೆಸಿದರು. ಮೇಜು ಆಗಲೇ ಸ್ವಚ್ಛವಿತ್ತು.

ಮೊದಲ ಐತವಾರ

ಬೆಳಿಗ್ಗೆ ಪ್ರಾರ್ಥನೆಗೆ ನಾವೂ ಹೋದೆವು. ಮಲಗಲು ಜಾಗ ಕೊಟ್ಟವರ ದೇವರಿಗೆ ಒಂದು ಮಾತು ಹೇಳದೆ ಇರುವುದು ಸರಿಯಲ್ಲ ಎಂದ ಮುತ್ಯಾ. ತೊಳೆದ ಧೋತರ, ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರ. ಎಲ್ಲರಿಗಿಂತ ಮೊದಲು ಹೋಗಿ ನಡುವಿನ ಬೆಂಚಿನಲ್ಲಿ ಮುತ್ಯಾ, ಮೌಲಾಸಾಬ, ನಾನು ಕುಳಿತೆವು. ಡೊಳ್ಳಿನವರು ಬಾಗಿಲ ಬಳಿ ಕುಳಿತರು. ಬಿಟ್ಟ ಚಪ್ಪಲಿಗಳು ಕಣ್ಣಿಗೆ ಕಾಣುತ್ತಿರಬೇಕು ಎಂಬುದು ಅವರ ಲೆಕ್ಕ.

ಒಬ್ಬೊಬ್ಬರೇ ಬಂದರು. ಬಂದವರು ಒಟ್ಟಿಗೆ ಕುಳಿತುಕೊಳ್ಳಲಿಲ್ಲ. ಒಬ್ಬ ಅಜ್ಜಿ ಬಲಗಡೆ ಗೋಡೆಗೆ, ಇನ್ನೊಬ್ಬರು ಎಡಗಡೆ ಕೊನೆಗೆ, ಒಂದು ದಂಪತಿ ಎಲ್ಲೋ ಹಿಂದೆ. ಗ್ವೆನ್ ಎದುರಿನ ಮೂಲೆಯ ಬೆಂಚಿನಲ್ಲಿ ಒಬ್ಬರೇ. ಬಿಜಾಪುರದ ದೊಡ್ಡ ಗುಮ್ಮಟದಲ್ಲಿ ಪಾರಿವಾಳ ಕುಳಿತ ಹಾಗೆ ಅಷ್ಟು ದೊಡ್ಡ ಮಂದಿರದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ತಲೆ.

ಮುತ್ಯಾ ನನ್ನ ಕಿವಿಯಲ್ಲಿ, "ಯವ್ವಾ, ಇವರ ನಡುವ ಭಾಳ ಜಗಳ ಅದಾವ" ಎಂದ.

"ಹಂಗ್ಯಾಕ ಅಂತೀರಿ ಮುತ್ಯಾ?"

"ಮತ್ತ ನೋಡಲ್ಲ, ಒಬ್ಬರ ಬಾಜೂಕ ಒಬ್ಬರು ಕುಂದ್ರವಲ್ರು. ಹೊಲ ಪಾಲ ಮಾಡ್ಕೊಂಡ ಅಣ್ಣತಮ್ಮರು ಕುಂತಂಗ ಕುಂತಾರ."

ಅಷ್ಟರಲ್ಲಿ ಉದ್ದನೆಯ ಕೋಟಿನ ಮುದುಕರೊಬ್ಬರು ನಮ್ಮ ಬೆಂಚಿನ ಕೊನೆಗೆ ಬಂದು ನಿಂತರು. ಇಡೀ ಸಾಲು ಖಾಲಿ, ಹಿಂದೆ ಮುಂದೆ ಎಲ್ಲ ಖಾಲಿ, ಅವರು ಇಲ್ಲೇ ನಿಂತಿದ್ದಾರೆ. ನನಗೆ ನಮ್ಮ ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿದವರ ನೆನಪಾಯಿತು. ಎದ್ದೇಳಬೇಕು ಅನ್ನುವಷ್ಟರಲ್ಲಿ ಮೌಲಾಸಾಬ ಸರಿದು, ಬೆಂಚು ತಟ್ಟಿ, "ಬರ್ರಿ ಮುತ್ಯಾ, ಕುಂದರ್ರಿ" ಎಂದ. ಮುದುಕರು ಕುಳಿತರು. ತಮ್ಮ ಹಾಡಿನ ಪುಸ್ತಕವನ್ನು ಬಿಡಿಸಿ ಇಬ್ಬರ ನಡುವೆ ಹಿಡಿದರು. ಒಂದಕ್ಷರ ಬಾರದ ಮೌಲಾಸಾಬ ಕೊನೆಯವರೆಗೆ ಆ ಪುಸ್ತಕದ ಮೇಲೆ ಬೆರಳಾಡಿಸುತ್ತ ಕುಳಿತ.

ನನಗೂ ಒಂದಕ್ಷರ ಬರಲಿಲ್ಲ. ಅವರ ಪ್ರಾರ್ಥನೆ ಇಂಗ್ಲಿಷ್ ಅಲ್ಲ, ಅವರದೇ ಭಾಷೆ. ಇಂಗ್ಲಿಷ್ ಟೀಚರು ಎಂದು ಬಂದವಳು ಅಲ್ಲಿ ಮುತ್ಯಾನಷ್ಟೇ ನಿರಕ್ಷರಿ. ಆದರೆ ಹಾಡು ಶುರುವಾದಾಗ ಆ ಚದುರಿದ ಮುದುಕರು ತಾವು ಕುಳಿತಲ್ಲಿಂದಲೇ ಬೇರೆ ಬೇರೆ ಸ್ವರ ಎತ್ತಿ ಒಂದೇ ಹಾಡು ಮಾಡಿದರು. ಮುತ್ಯಾ ಕಣ್ಣು ಮುಚ್ಚಿದ್ದ. "ಜಗಳ ಇಲ್ಲ ಬಿಡು" ಎಂದ ಹಾಡು ಮುಗಿದ ಮೇಲೆ.

ಚಹಾದ ಹೊತ್ತಿಗೆ ಗ್ವೆನ್ ವಿವರಿಸಿದರು. ಬೆಂಚುಗಳು ಮನೆತನದವು. ಅಜ್ಜ ಕುಳಿತ ಬೆಂಚಿನಲ್ಲೇ ಮೊಮ್ಮಗ ಕುಳಿತುಕೊಳ್ಳಬೇಕು. ಇನ್ನೊಬ್ಬರ ಬೆಂಚಿನಲ್ಲಿ, ಅದು ಖಾಲಿ ಬಿದ್ದಿದ್ದರೂ, ಯಾರೂ ಕುಳಿತುಕೊಳ್ಳುವುದಿಲ್ಲ. ಸತ್ತವರ ಬೆಂಚಿನಲ್ಲಂತೂ ಇಲ್ಲವೇ ಇಲ್ಲ. ನಾವು ಕುಳಿತಿದ್ದು ಆ ಮುದುಕರ ಅಜ್ಜನ ಬೆಂಚು. ಹೆಂಡತಿ ತೀರಿದ ಮೇಲೆ ಅವರ ಬಾಜು ಯಾರೂ ಕುಳಿತಿರಲಿಲ್ಲವಂತೆ.

"ಬೈದ್ರೇನ್ರಿ?" ಎಂದು ನಾನು ಗಾಬರಿಯಿಂದ ಕೇಳಿದೆ.

"ಬೈಯೂದ? ಮುಂದಿನ ಐತವಾರನೂ ಬರ್ತಾರೇನು ಅಂತ ಕೇಳ್ಯಾರ."

ನಮ್ಮೂರ ಬೀರಪ್ಪನ ಗುಡಿ ಎರಡು ಅಂಕಣದ್ದು. ಒಳಗೆ ಪೂಜಾರಿ ಮತ್ತು ದೇವರು ಕುಳಿತರೆ ಮೂರನೆಯವರು ಹೊರಗೆ. ಅಮಾವಾಸ್ಯೆಗೆ ಹತ್ತು ಮನೆಯವರು ಬಂದರೂ ಗುಡಿ ಕಿಕ್ಕಿರಿದಂತೆ ಕಾಣುತ್ತದೆ. ನಾಲ್ಕು ಹಳ್ಳಿ ದಾಟಿ ಒಂದು ಕಡೆ ಹೊಸದಾಗಿ ದೊಡ್ಡ ಆರ್‌ಸಿಸಿ ಗುಡಿ ಕಟ್ಟಿದ್ದಾರೆ. ಮಂದಿ ಮೊದಲಿನಷ್ಟೇ ಬರುತ್ತಾರೆ. ನೋಡಿದವರು ಮಾತ್ರ "ಅಲ್ಲೇನ್ರಿ, ಯಾರೂ ಇರೂದಿಲ್ಲ" ಅನ್ನುತ್ತಾರೆ. ಆ ದಿನ ನನಗೆ ಇದೇ ಸಮಾಧಾನ ಹೊಳೆಯಿತು: ಇಲ್ಲಿಯೂ ಮಂದಿ ಕಡಿಮೆಯಾಗಿಲ್ಲ, ಮನೆ ದೊಡ್ಡದಾಗಿದೆ. ಗ್ವೆನ್ನರಿಗೂ ಹೇಳಿದೆ. ಅವರು ನಕ್ಕರು, ಒಪ್ಪಲಿಲ್ಲ. "ಈ ಮನಿ ತುಂಬಿದ್ದನ್ನ ನಾ ಕಣ್ಣಾರೆ ನೋಡೇನಿ" ಎಂದರು.

ಕಾಯುವವರಿಲ್ಲದ ಕುರಿ

ಹಬ್ಬ ನಡೆದದ್ದು ಗುಡ್ಡದಾಚೆಯ ಬಯಲಿನಲ್ಲಿ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಮ್ಮವರು ಡೊಳ್ಳು ಹೊಡೆದರು, ಜನ ಕುಣಿದರು, ಮಳೆ ಬಂತು, ಚರ್ಮ ತೊಯ್ದು ಡೊಳ್ಳಿನ ದನಿ ಇಳಿಯಿತು. ಗ್ವೆನ್ ತಲೆ ಒಣಗಿಸುವ ಯಂತ್ರ ತಂದು ಡೊಳ್ಳಿಗೆ ಬಿಸಿಗಾಳಿ ಹಿಡಿದರು. ಮತ್ತೆ ಹೊಡೆದರು.

ಮುತ್ಯಾನ ಗಮನವಿದ್ದದ್ದು ಕುರಿಗಳ ಮೇಲೆ. ಎಲ್ಲ ಕಡೆ ಕುರಿ. ದುಂಡಗಿನ, ಬಿಳಿಯ, ಬೆನ್ನಿಗೆ ನೀಲಿ ಕೆಂಪು ಬಣ್ಣ ಬಳಿದ ಕುರಿಗಳು. ಕಾಯುವವರು ಎಲ್ಲೂ ಇಲ್ಲ. ಬದುಕಿನ ಬಹುಭಾಗ ಕುರಿಯ ಹಿಂದೆ ನಡೆದ ಅವನಿಗೆ ಇದು ಸಹಿಸಲಾಗದ ನೋಟ.

"ಹಿಂಗ ಬಿಟ್ಟು ಮನ್ಯಾಗ ಹೆಂಗ ಮಲಗ್ತಾರ? ಸಂಜಿಕ ಎಲ್ಲಾ ಬಂದಾವೋ ಇಲ್ಲೋ ಅಂತ ಹೆಂಗ ತಿಳಿತೈತಿ?"

ಕಾರು ನಡೆಸುತ್ತಿದ್ದ ಗ್ವೆನ್, "ಎಣಿಸ್ತಾರ" ಎಂದರು.

ಮುತ್ಯಾ ನಾಲಿಗೆ ಕಚ್ಚಿಕೊಂಡ. ನಮ್ಮೂರಲ್ಲಿ ಹಟ್ಟಿಯ ಮುಂದೆ ನಿಂತು ಕುರಿ ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗಿ ಕಡಿಮೆಯಾಗುತ್ತವೆ ಎಂಬ ನಂಬಿಕೆ.

"ಮತ್ತ ನಿಮಗ ಹೆಂಗ ತಿಳಿತೈತಿ?" ಎಂದು ಗ್ವೆನ್ ಕೇಳಿದರು.

"ಬಂದದ್ದನ್ನ ನೋಡೂದಿಲ್ರಿ, ಬರದ್ದನ್ನ ನೋಡ್ತೇವಿ. ಕುಂಟಗಾಲಿಂದು ಕಾಣವಲ್ದಲ್ಲ, ಕರೀ ಕಿವೀದು ಎಲ್ಲಿ ಹೋತು, ಹಿಂಗ."

"ಒಮ್ಮಿ ಮುತ್ಯಾಂದು ಒಂದು ಹೋತ ತಪ್ಪಿತ್ತು" ಎಂದು ಹಿಂದಿನ ಸೀಟಿನಿಂದ ಮೌಲಾಸಾಬ ಸೇರಿಸಿದ. "ಮೂರು ದಿನ ಗೊತ್ತ ಆಗಲಿಲ್ಲ. ನಮ್ಮ ಮನಿ ಹಿತ್ತಲದಾಗ ಮೇಯಾಕತ್ತಿತ್ತು."

"ಲೇ ಮೌಲಾ, ಅದನ್ನ ನೀನ ಕಟ್ಟಿ ಹಾಕಿದ್ದಿ ಲೇ!"

ನಾನು ಎಲ್ಲವನ್ನೂ ಇಂಗ್ಲಿಷಿಗೆ ಹೊರಳಿಸಿದೆ. ಗ್ವೆನ್ ನಕ್ಕರು, ಬರದ್ದನ್ನು ನೋಡುವ ಮಾತನ್ನು ಮಾತ್ರ ಇನ್ನೊಮ್ಮೆ ನನ್ನಿಂದ ಹೇಳಿಸಿಕೊಂಡರು.

ಬುಧವಾರ ಸಂಜೆ, ಹಿಂದಿನ ಖೋಲಿ

ಬುಧವಾರ ಸಂಜೆ ನಮ್ಮವರು ಕಂಬಳಿ ಸುತ್ತಿಟ್ಟು ಜಾಗ ಬಿಡಬೇಕಾಯಿತು. ಹಾಡಿನ ತಾಲೀಮು. ಆರಾಗುವುದರೊಳಗೆ ಖೋಲಿ ತುಂಬಿತು. ಐತವಾರ ಕಂಡ ಬಿಳಿ ತಲೆಗಳ ಜೊತೆಗೆ ಕಾಣದಿದ್ದ ಕಪ್ಪು, ಕಂದು ತಲೆಗಳು: ಬೇಕರಿಯವಳು, ಬಸ್ ಡ್ರೈವರು, ಇಬ್ಬರು ಕಾಲೇಜು ಹುಡುಗಿಯರು. ಕುರ್ಚಿ ಸಾಲದೆ ಕೆಲವರು ಡೊಳ್ಳಿನ ಮೇಲೆ ಕುಳಿತುಕೊಳ್ಳಲು ಹೋದರು. ಮುತ್ಯಾ ಎರಡೂ ಕೈ ಅಡ್ಡ ಹಿಡಿದು, "ಇದು ದೇವರ ಸಾಮಾನ್ರಿ!" ಎಂದು ಕೂಗಿದ. ಭಾಷೆ ಬೇಕಾಗಲಿಲ್ಲ.

ಎಲ್ಲರಿಗಿಂತ ದೊಡ್ಡ ದನಿ ಡಾಯ್ ಅವರದು. ಗ್ವೆನ್ನರ ತಮ್ಮ, ಗಣಿಯಲ್ಲಿ ದುಡಿದ ಭಾರಿ ಆಳು. ಅವರ ದನಿ ಹಾಡಿನ ಅಡಿಪಾಯದ ಕಲ್ಲಿನ ಹಾಗೆ ಕೆಳಗೆ ನಿಲ್ಲುತ್ತಿತ್ತು. ತಾಲೀಮು ಮುಗಿದ ಮೇಲೆ ನಾನು ಕೇಳಿದೆ: "ಐತವಾರ ನಿಮ್ಮನ್ನ ನೋಡಲಿಲ್ಲಲ್ರಿ?"

"ನಾ ಬರೂದಿಲ್ರಿ. ನಾ ಮೆಂಬರ್ ಅಲ್ಲ. ನನಗ ದೇವರ ಮ್ಯಾಲೆ ನಂಬಿಗಿ ಇಲ್ಲ."

"ಮತ್ತ ಹಾಡಿದ್ದು ದೇವರ ಹಾಡ ಅಲ್ರೇನು?"

"ಹಾಡಿನ ಮ್ಯಾಲೆ ನಂಬಿಗಿ ಐತಿ" ಎಂದು ಅವರು ಟೋಪಿ ಹಾಕಿಕೊಂಡರು.

ಗ್ವೆನ್ ಕಪ್ಪು ತೊಳೆಯುತ್ತ ಬೆನ್ನು ತಿರುಗಿಸಿಯೇ ಹೇಳಿದರು: "ಅಪ್ಪ ಸತ್ತಾಗಿಂದ ನಮ್ಮ ಬೆಂಚಿಗೆ ಬಂದಿಲ್ಲ ಅಂವ. ಬುಧವಾರ ಬರ್ತಾನ, ಗಂಡಸರ ಸಾಲಿನ್ಯಾಗ ಕುಂದರ್ತಾನ, ಹೋಗ್ತಾನ. ಇಂವನ್ನ ಲೆಕ್ಕದಾಗ ಹಿಡೀಲ್ಯೋ ಬಿಡಲ್ಯೋ ನೀವ ಹೇಳ್ರಿ."

ನಾನು ಮೌಲಾಸಾಬನ ಕಡೆ ನೋಡಿದೆ. ಶುಕ್ರವಾರ ಮಸೀದಿಗೆ ಹೋಗಿ ನಮಾಜು ಮಾಡುತ್ತಾನೆ, ಅಮಾವಾಸ್ಯೆಗೆ ಬೀರಪ್ಪನ ಮುಂದೆ ತಾಳ ಹಿಡಿಯುತ್ತಾನೆ. ಅವನ ಅಪ್ಪನೂ ಹಿಡಿದಿದ್ದ. ನನ್ನ ಕ್ಲಾಸಿನಲ್ಲಿ ಇನ್ನೊಂದು ಬಗೆಯ ಹುಡುಗರಿದ್ದಾರೆ. ಮನೆತನವೆಲ್ಲ ಬೀರಪ್ಪನ ಒಕ್ಕಲು. ಹಣೆಗೆ ಯಾಕೆ ಭಂಡಾರ ಹಚ್ಚಿಲ್ಲವೋ ಅಂದರೆ "ಮನ್ಯಾಗ ಮಾಡ್ತಾರ್ರೀ ಮಿಸ್, ನಾವೇನಿಲ್ಲ" ಅನ್ನುತ್ತಾರೆ. ಅದೇ ಹುಡುಗರು ಅಮಾವಾಸ್ಯೆಗೆ ತಾಯಿ ಕೊಟ್ಟ ರೊಟ್ಟಿಯ ಗಂಟನ್ನು ಬೈಕಿನಲ್ಲಿ ತಂದು ಗುಡಿಯ ಮುಂದೆ ಇಟ್ಟು ಹೋಗುತ್ತಾರೆ. ಎಲ್ಲ ಮನೆಗಳ ರೊಟ್ಟಿಯನ್ನೂ ಒಂದೇ ರಾಶಿ ಹಾಕಿ ಎಲ್ಲರಿಗೂ ಹಂಚುವುದು ನಮ್ಮ ಪದ್ಧತಿ. ಬೇರೆ ಗುರುಗಳ ಕಡೆ ಹೋದ ಮನೆಗಳಿಂದಲೂ ರೊಟ್ಟಿ ಬರುತ್ತದೆ. ರಾಶಿ ನೋಡಿದರೆ ಬೀರಪ್ಪನ ಮಂದಿ ಒಬ್ಬರೂ ಕಡಿಮೆಯಾಗಿಲ್ಲ. ಹಾಡು ಕಲಿಯಲು ಮುತ್ಯಾನ ಹತ್ತಿರ ಯಾರು ಕುಳಿತಿದ್ದಾರೆ ಎಂದು ನೋಡಿದರೆ ಬೇರೆಯೇ ಉತ್ತರ.

ನಾನು ಗ್ವೆನ್ನರ ಬಾಜು ನಿಂತು ಕಪ್ಪು ಒರೆಸಲು ಬಟ್ಟೆ ತೆಗೆದುಕೊಂಡೆ.

ಮೌಲಾಸಾಬನಿಗೆ ಮಾತ್ರ ಉಪಾಯ ಹೊಳೆದಿತ್ತು. "ಅಕ್ಕಾರ, ಇವರಿಗೆ ಹೇಳ್ರಿ. ಐತವಾರ ಆ ಸಾಹೇಬರು ಬಂದಾಗ ನಾವು ಬೆಂಚಿಗೊಬ್ಬರು ಕುಂದರ್ತೇವಿ. ಈ ಹಾಡೋ ಮಂದೀನೂ ಕರೀರಿ. ಮ್ಯಾಲಿನ ಅಟ್ಟಾನೂ ತುಂಬಿಸೂಣು!"

ನಾನು ನಗುತ್ತಲೇ ಹೇಳಿದೆ. ಗ್ವೆನ್ ನಗಲಿಲ್ಲ. ತೊಳೆದ ಕಪ್ಪನ್ನು ಹಿಡಿದುಕೊಂಡು ಅದನ್ನೇ ಯೋಚಿಸುತ್ತ ನಿಂತಿದ್ದರು.

ಶನಿವಾರ, ಹೆಂಚಿನ ಮುಂದೆ

ಗ್ವೆನ್ನರ ಅಡುಗೆಮನೆಯಲ್ಲಿ ಅವರ ಅಜ್ಜಿಯ ಕಾಲದ ದಪ್ಪ ಕಬ್ಬಿಣದ ಹೆಂಚಿದೆ. ಅದರ ಮೇಲೆ ಅವರು ಒಣದ್ರಾಕ್ಷಿ ಹಾಕಿದ ಸಣ್ಣ ಸಿಹಿ ಬಿಲ್ಲೆಗಳನ್ನು ಬೇಯಿಸುತ್ತಾರೆ. ನಾನು ಅದೇ ಹೆಂಚಿನ ಮೇಲೆ ದಿನಾ ಜೋಳದ ರೊಟ್ಟಿ ಮಾಡುತ್ತಿದ್ದೆ. ಬಡಿಯುವ ಸಪ್ಪಳಕ್ಕೆ ಮೊದಲ ದಿನ ಬಾಜು ಮನೆಯವರು ಏನಾಯಿತೆಂದು ನೋಡಲು ಬಂದಿದ್ದರು. ರೊಟ್ಟಿ, ಬೆಣ್ಣೆ ತಿಂದು ಹೋದರು.

ಆ ಸಂಜೆ ನಾನು ರೊಟ್ಟಿ ಮುಗಿಸಿ ಹೆಂಚು ಬಿಟ್ಟುಕೊಟ್ಟೆ. ಗ್ವೆನ್ ಬಿಲ್ಲೆಗಳನ್ನು ಹಾಕುತ್ತ ಹೇಳಿದರು: "ನಿಮ್ಮ ಮುತ್ಯಾ ಅಂದದ್ದು ತಲ್ಯಾಗಿಂದ ಹೋಗವಲ್ದು. ಬರದವರನ್ನ ನೋಡಾಕತ್ತೇನಿ."

ನಂತರ ಒಂದೊಂದೇ ಬೆಂಚಿನ ಹೆಸರು ಹೇಳತೊಡಗಿದರು, ಬಾಗಿಲಿನಿಂದ ಶುರು ಮಾಡಿ. ಈ ಬೆಂಚಿನ ಅಕ್ಕತಂಗಿಯರು ತೀರಿಕೊಂಡರು. ಅದರ ಮುಂದಿನವರೂ ತೀರಿಕೊಂಡರು. ಅವರ ಮಕ್ಕಳು ಕೆಲಸಕ್ಕೆ ಪಟ್ಟಣಕ್ಕೆ ಹೋದರು, ಅಲ್ಲಿ ಎಲ್ಲಿಗೂ ಹೋಗುವುದಿಲ್ಲ. ಈ ಬೆಂಚಿನವನು ಹಾರ್ಮೋನಿಯಂ ಮಾರಬೇಕೋ ಬೇಡವೋ ಎಂಬ ಜಗಳದಲ್ಲಿ ಸಿಟ್ಟಾಗಿ ಹೋದ. ಬುಧವಾರ ಬರುತ್ತಾನೆ, ಹಾರ್ಮೋನಿಯಂ ಕಡೆ ನೋಡುವುದಿಲ್ಲ. ಆ ಬೆಂಚು ತೀರಿದವರದು. ಅದೂ ತೀರಿದವರದು.

"ಬ್ಯಾರೆ ಧರ್ಮಕ್ಕ ಹೋದವರು?" ಎಂದು ಕೇಳಿದೆ.

ಅವರು ಕೈ ನಿಲ್ಲಿಸಿ ಯೋಚಿಸಿದರು. "ಒಬ್ಬರೂ ಇಲ್ಲ. ಧರ್ಮ ಬಿಟ್ಟು ಹೋದವರ ಇಲ್ಲ ನೋಡ್ರಿ. ಹೋದವರು ಹೋದರು, ಅವರ ಹಿಂದ ಯಾರೂ ಬರಲಿಲ್ಲ, ಅಷ್ಟ." ನನ್ನ ಕಡೆ ತಿರುಗಿದರು. "ನೀವು ಟೀಚರ್. ಪಾಸೋ ನಪಾಸೋ ಹೇಳೂದ ನಿಮ್ಮ ಕೆಲಸ. ನಾಳೆ ನಾ ಏನ್ ಹೇಳ್ಲಿ? ನಾವು ಖರೇನ ಕಡಿಮಿ ಆಗೇವೇನು?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಮನೆ ದೊಡ್ಡದು, ಬುಧವಾರದ ಮಂದಿ ಇದ್ದಾರೆ, ಎಷ್ಟು ಚಂದ ಹಾಡುತ್ತೀರಿ. ಎಲ್ಲ ಮಾತೂ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತೂ ಸುಳ್ಳಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ.

"ಹೌದ್ರಿ, ಕಡಿಮಿ ಆಗೀರಿ" ಎಂದೆ. "ಐತವಾರ ಕಾಣೂವಷ್ಟು ಅಲ್ಲ. ಆದ್ರ ಆಗೀರಿ."

ಹೆಂಚಿನ ಮೇಲಿನ ಬಿಲ್ಲೆಗಳು ಕರಿಕಾದವು. ಗ್ವೆನ್ ಅವನ್ನು ತೆಗೆದು ಒಂದು ತಾಟಿಗೆ ಹಾಕಿ, ಕುಳಿತು, ಏಪ್ರನ್ನಿನಿಂದ ಕಣ್ಣೊರೆಸಿಕೊಂಡರು. ಬಳಿಕ ಒಂದು ಕರಿಕು ಬಿಲ್ಲೆಯನ್ನು ಮುರಿದು ಅರ್ಧ ನನಗೆ ಕೊಟ್ಟರು.

"ಯಾರೂ ಹಿಂಗ ಹೇಳಿರಲಿಲ್ಲ" ಎಂದರು. "ಎಲ್ಲಾರೂ ಸಮಾಧಾನ ಮಾಡಿ ಮಾಡಿ ನನಗ ಒಬ್ಬಾಕೀಗೇ ಇದನ್ನ ಹೊರಿಸಿದ್ರು. ನಿಮ್ಮ ಮೌಲಾಗ ಹೇಳ್ರಿ, ಬೆಂಚ ತುಂಬಿಸೂದು ಬ್ಯಾಡ."

ಎರಡನೆಯ ಐತವಾರ

ದೊಡ್ಡ ಆಫೀಸಿನಿಂದ ಬಂದವರು ಮೌಲಾಸಾಬ ನೆನೆಸಿದಂತೆ ಸಾಹೇಬರಲ್ಲ, ಬಾಯಿಯವರು, ಅಂದರೆ ಹೆಣ್ಣುಮಗಳು. ಮಧ್ಯವಯಸ್ಸು, ತೊಯ್ದ ಬೂಟು, ಮೆತ್ತನೆ ಮಾತು. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು, ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವರು ಕೊನೆಯ ಸಾಲಿನಲ್ಲಿ ಕುಳಿತರು. ಅದೂ ಯಾರದೋ ಬೆಂಚೇ ಇರಬೇಕು, ಒಂದೆರಡು ತಲೆ ಹಿಂದೆ ತಿರುಗಿದವು.

ನಾವು ಮತ್ತೆ ಆ ಕೋಟಿನ ಮುದುಕರ ಬೆಂಚಿನಲ್ಲೇ ಕುಳಿತೆವು. ಅವರೇ ಸರಿದು ಜಾಗ ಕೊಟ್ಟರು. ಪ್ರಾರ್ಥನೆಯ ನಂತರ ಸಭೆ. ಅವರ ಭಾಷೆಯ ಮಾತನ್ನು ಮುದುಕರು ನನ್ನ ಕಿವಿಗೆ ಇಂಗ್ಲಿಷಿನಲ್ಲಿ ಹಾಕುತ್ತಿದ್ದರು, ನಾನು ಅದನ್ನು ಮುತ್ಯಾನ ಕಿವಿಗೆ ಕನ್ನಡದಲ್ಲಿ ಹಾಕುತ್ತಿದ್ದೆ. ಹಾಗಾಗಿ ಎಲ್ಲರೂ ಸುಮ್ಮನಾದ ಮೇಲೆ ಮುತ್ಯಾ ಒಬ್ಬನೇ "ಹೌದೌದು" ಅನ್ನುತ್ತಿದ್ದ.

ಗ್ವೆನ್ ತಮ್ಮ ಮೂಲೆಯ ಬೆಂಚಿನಲ್ಲಿ ಎದ್ದು ನಿಂತರು. ಶನಿವಾರ ನನ್ನ ಮುಂದೆ ಹೇಳಿದ್ದನ್ನೇ ಹೇಳಿದರು. ಒಂದೊಂದೇ ಬೆಂಚಿನ ಕಡೆ ಕೈ ತೋರಿಸಿ ಅಲ್ಲಿ ಕುಳಿತಿದ್ದವರ ಹೆಸರು ಹೇಳಿದರು. ಯಾರೋ ಅತ್ತರು. ಯಾರೋ ನಡುವೆ ಬಾಯಿ ಹಾಕಿ ಇಷ್ಟೆಲ್ಲ ಯಾಕೆ ಹೇಳಬೇಕು ಎಂದರು. ಗ್ವೆನ್ ನಿಲ್ಲಿಸಲಿಲ್ಲ.

"ಈ ದೊಡ್ಡ ಮನಿ ನಮ್ಮ ಕೈಲೆ ಆಗೂದಿಲ್ಲ. ಇದನ್ನ ತಗೋರಿ. ಹಿಂದಿನ ಖೋಲಿ ನಮಗ ಬಿಡ್ರಿ. ಬಾಜು ಊರಿಗೆ ಮಾತ್ರ ಕೂಡಿಸಬ್ಯಾಡ್ರಿ."

ಬಂದ ಬಾಯಿ ಕೇಳಿದರು: ಖೋಲಿಯಲ್ಲಿ ಎಷ್ಟು ಜನ ಮೆಂಬರ್ ಇರುತ್ತೀರಿ?

"ಮೆಂಬರ್ ಇಲ್ಲಿ ಕುಂತವರಷ್ಟ."

"ಬುಧವಾರ ಬಹಳ ಜನ ಬರುತ್ತಾರೆಂದು ಕೇಳಿದ್ದೇನೆ."

"ಅವರು ಮೆಂಬರ್ ಅಲ್ಲ" ಎಂದರು ಗ್ವೆನ್. "ಅವರನ್ನ ನಿಮ್ಮ ಲೆಕ್ಕದಾಗ ಹಿಡೀಬ್ಯಾಡ್ರಿ. ಅವರಿಗೆ ನಾವು ಕುರ್ಚಿ ಹಾಕ್ತೇವಿ, ಚಾ ಕೊಡ್ತೇವಿ, ಅಷ್ಟ."

ಒಪ್ಪುವವರು ಕೈ ಎತ್ತಲು ಹೇಳಿದರು. ಮೊದಲು ಎತ್ತಿದ್ದು ನಮ್ಮ ಬೆಂಚಿನ ಮುದುಕರು. ಆಮೇಲೆ ಒಂದೊಂದಾಗಿ, ಆ ಗೋಡೆಯಿಂದ, ಈ ಮೂಲೆಯಿಂದ. ಗ್ವೆನ್ನರದು ಕೊನೆಗೆ. ದೊಡ್ಡ ಮಂದಿರ ಬಿಡುವುದೆಂದಾಯಿತು. ಖೋಲಿ ಉಳಿಸಿಕೊಡಲು ತಾನು ಹೇಳಿ ನೋಡುತ್ತೇನೆ, ಮಾತು ಕೊಡಲಾರೆ ಎಂದರು ಆ ಬಾಯಿ. ಮುಗಿಸುವ ಹಾಡು ಹಾಡಲು ಅಲ್ಲಿ ಯಾರಿಗೂ ದನಿ ಏಳಲಿಲ್ಲ. ಎಲ್ಲರೂ ಸುಮ್ಮನೆ ಎದ್ದು ಚಹಾಕ್ಕೆಂದು ಹಿಂದಿನ ಖೋಲಿಗೆ ಹೊರಟರು.

ಅಲ್ಲಿ ಜಾಗ ಎಲ್ಲಿದೆ? ಮಧ್ಯಾಹ್ನ ನಾವು ಹೊರಡುವವರು. ಡೊಳ್ಳು, ಗಂಟು, ಸುತ್ತಿದ ಕಂಬಳಿ ಎಲ್ಲ ಅಲ್ಲೇ. ಅವನ್ನು ವ್ಯಾನಿಗೆ ಹೊರಲು ಡಾಯ್ ಬಂದು ಖೋಲಿಯಲ್ಲಿದ್ದ ಒಂದು ಹಳೆ ಬೆಂಚಿನ ಮೇಲೆ ಕುಳಿತಿದ್ದರು. ಜೊತೆಗೆ ಬುಧವಾರದ ಬಸ್ ಡ್ರೈವರು, ಬೇಕರಿಯವಳು. ಹೊರಗೆ ಮಳೆ. ಒಳಗೆ ಒಬ್ಬರ ಕಪ್ಪು ಇನ್ನೊಬ್ಬರ ಕೋಟಿಗೆ ತಾಗುವಷ್ಟು ಇಕ್ಕಟ್ಟು. ಬಂದ ಬಾಯಿ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಮುತ್ಯಾ ತನ್ನ ಕಂಬಳಿಯ ಸುರುಳಿ ತಟ್ಟಿ, "ಬಾ ತಂಗಿ, ಇಲ್ಲೆ ಕುಂದರ" ಎಂದು ಕುಳ್ಳಿರಿಸಿದ.

ಮುಗಿಸುವ ಹಾಡಿಲ್ಲದೆ ಮನೆಗೆ ಹೋಗುವ ಪದ್ಧತಿ ಅವರಲ್ಲಿಲ್ಲ. ಬೇಕರಿಯವಳು ಸಣ್ಣಗೆ ಎತ್ತಿಕೊಟ್ಟಳು. ಒಬ್ಬೊಬ್ಬರಾಗಿ ಕೂಡಿದರು. ಗ್ವೆನ್ ಚಹಾದ ತಟ್ಟೆ ಹಿಡಿದು ಕುಳಿತುಕೊಳ್ಳಲು ಅತ್ತಿತ್ತ ನೋಡಿದರು. ಜಾಗವಿದ್ದದ್ದು ಒಂದೇ ಕಡೆ, ಡಾಯ್ ಅವರ ಬಾಜು. ಅವರು ಸರಿದರು. ಗ್ವೆನ್ ಕುಳಿತರು. ಅಕ್ಕನ ಹೆಗಲು ತಮ್ಮನ ತೋಳಿಗೆ ಒತ್ತಿತ್ತು. ಡಾಯ್ ದನಿ ಎತ್ತಿದರು, ಗೋಡೆಗೆ ಒರಗಿಸಿದ್ದ ನಮ್ಮ ಡೊಳ್ಳುಗಳ ಚರ್ಮ ಸಣ್ಣಗೆ ಗುಂಯ್ ಎಂದಿತು.

ಗ್ವೆನ್ ಹಾಡುತ್ತಲೇ ತಮ್ಮನ ಪಕ್ಕೆಗೆ ಮೊಣಕೈಯಿಂದ ತಿವಿದು ಏನೋ ಅಂದರು. ಅವರೂ ಏನೋ ಅಂದರು. ಕೋಟಿನ ಮುದುಕರು ನಗು ತಡೆದುಕೊಂಡು ನನಗೆ ಹೇಳಿದರು, ನಾನು ಮುತ್ಯಾನಿಗೆ ಹೇಳಿದೆ:

"ಮೆಲ್ಲಕ ಹಾಡೋ, ನಿಂದ ಒಂದ ಕೇಳಾಕತ್ತೈತಿ ಅಂದ್ರು ಅಕ್ಕ."

"ಅಂವ ಏನಂದ?"

"ಬಾಜೂಕ ಬಂದು ಕುಂತಾಕಿ ನೀನ, ನಾ ಏನ್ ಮಾಡ್ಲಿ ಅಂದ್ರು."